ಇಬ್ಬರು ಚೆನ್ನಮ್ಮಂದಿರು

‘ಊರಿಗೊಬ್ಬಳೇ ಪದ್ಮಾವತಿ’ ಎಂಬ ಗಾದೆಯೊಂದುಂಟು. ಚೆನ್ನಮ್ಮನ ವಿಷಯದಲ್ಲಿ ಮಾತ್ರ ಕನ್ನಡ ನಾಡಿಗೆ ಈ ಗಾದೆ ಸಲ್ಲದು. ಹಳ್ಳಿಯ ಓಣಿಯಲ್ಲಿ ನಿಂತು ‘ಚೆನ್ನಮ್ಮಾ’ ಎಂದು ಕೂಗಿದರೆ ನಾಲ್ಕು ಮನೆಗಳಿಂದ ನಾಲ್ವರು ‘ಓ’ ಎಂದು ಹೊರಗೆ ಬರುವ ಕಾಲವೊಂದಿತ್ತು. ‘ಚೆನ್ನ’ ಎಂದರೆ ಚೆಲುವು, ಒಳಿತು. ಹೆಣ್ಣುಮಗುವಿಗೆ ಇಡಲು ಇದಕ್ಕಿಂತ ಹಿತವಾದ ಮಾತು ಬೇರೆ ಬೇಕೆ? ಅದರ ಮೇಲೆ ಶಿವಭಕ್ತರ ಮನೆಗಳಲ್ಲಿ ಈ ಮಾತಿಗೆ ಇನ್ನೂ ಒಂದು ಮೆರುಗು. ಅಕ್ಕಮಹಾದೇವಿ ತನ್ನ ದೈವವನ್ನು ಕರೆದುದು ಚೆನ್ನಮಲ್ಲಿಕಾರ್ಜುನನೆಂದು. ಶರಣರಲ್ಲಿ ಷಟ್‌ಸ್ಥಲ ಜ್ಞಾನಿಯೆಂದು ಹೆಸರಾದವನು ಚೆನ್ನಬಸವಣ್ಣ. ಹೀಗಾಗಿ ಅರಮನೆಯ ತೊಟ್ಟಿಲಿಗೂ ಗುಡಿಸಲಿನ ಜೋಳಿಗೆಗೂ ಈ ಒಂದೇ ಹೆಸರು ಒಪ್ಪಿತು.

ಈ ಹೆಸರು ಹೊತ್ತ ಲಕ್ಷಾಂತರ ಹೆಂಗಸರಲ್ಲಿ ಇಬ್ಬರು ಇತಿಹಾಸದ ಪುಟಕ್ಕೇರಿದರು. ಒಬ್ಬಳು ಕೆಳದಿಯವಳು, ಇನ್ನೊಬ್ಬಳು ಕಿತ್ತೂರಿನವಳು. ಒಬ್ಬಳದು ಮಲೆನಾಡು, ಹದಿನೇಳನೆಯ ಶತಮಾನ. ಮತ್ತೊಬ್ಬಳದು ಬಯಲುನಾಡಿನ ಅಂಚು, ಹತ್ತೊಂಬತ್ತನೆಯ ಶತಮಾನ. ಇಬ್ಬರ ನಡುವೆ ಸುಮಾರು ಒಂದೂವರೆ ಶತಮಾನದ ಅಂತರ. ಹಾಗಿದ್ದೂ ಜನರ ನೆನಪಿನಲ್ಲಿ ಇಬ್ಬರೂ ಕೂಡಿಕೊಂಡುಬಿಟ್ಟಿದ್ದಾರೆ. ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟವಳು ಕಿತ್ತೂರಿನ ರಾಣಿಯೆಂದು ಶಾಲೆಯ ಹುಡುಗ ಬರೆದರೆ ನಗುತ್ತೇವೆ. ಆದರೆ ಬರಿದೆ ‘ರಾಣಿ ಚೆನ್ನಮ್ಮ’ ಎಂದಾಗ ನಮ್ಮಲ್ಲಿ ಎಷ್ಟು ಮಂದಿಗೆ ಕೆಳದಿಯವಳು ನೆನಪಾಗುತ್ತಾಳೆ? ಒಂದೇ ಹೆಸರಿನ ಇಬ್ಬರು ದೊಡ್ಡವರಾದಾಗ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವುದು ಸಹಜ. ಆ ನೆರಳನ್ನು ಸ್ವಲ್ಪ ಸರಿಸಿ ನೋಡಿದರೆ, ಹೆಸರಿಗಿಂತ ದೊಡ್ಡದೊಂದು ಸಾಮ್ಯವೂ, ಆ ಸಾಮ್ಯಕ್ಕಿಂತ ದೊಡ್ಡದೊಂದು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತವೆ.

ಸಾಮ್ಯವೆಂದರೆ ಇದು. ಇಬ್ಬರೂ ವಿಧವೆಯರು. ಇಬ್ಬರ ಮನೆಯಲ್ಲಿಯೂ ಪಟ್ಟಕ್ಕೆ ಹೊಟ್ಟೆಯ ಮಗನಿಲ್ಲ. ಇಬ್ಬರ ರಾಜ್ಯದ ಭವಿಷ್ಯವೂ ದತ್ತು ತೆಗೆದುಕೊಂಡ ಒಬ್ಬ ಹುಡುಗನ ಮೇಲೆ ನಿಂತಿತ್ತು. ಒಬ್ಬಳ ದತ್ತುಮಗ ರಾಜ್ಯವಾಳಿ, ಗ್ರಂಥ ಬರೆದು, ಹೆಸರು ಉಳಿಸಿಹೋದ. ಇನ್ನೊಬ್ಬಳ ಮನೆಯ ದತ್ತುಮಗನ ಹೆಸರಿನಲ್ಲಿ ರಕ್ತ ಹರಿಯಿತು. ಗದ್ದುಗೆ ಮಾತ್ರ ದಕ್ಕಲಿಲ್ಲ. ಏಕೆ ಹೀಗಾಯಿತು? ಹೆಣ್ಣು ಒಬ್ಬಳಿಗಿಂತ ಒಬ್ಬಳು ಕಡಮೆಯಾಗಿದ್ದರಿಂದಲ್ಲ, ಕಾಲ ಬೇರೆಯಾಗಿದ್ದರಿಂದ.

ಕೆಳದಿಯ ಚೆನ್ನಮ್ಮ ರಾಜವಂಶದಲ್ಲಿ ಹುಟ್ಟಿದವಳಲ್ಲ. ಕೋಟೆಪುರದ ಸಿದ್ದಪ್ಪಶೆಟ್ಟರ ಮಗಳು. ಕೆಳದಿಯ ಒಂದನೆಯ ಸೋಮಶೇಖರ ನಾಯಕ ಅವಳನ್ನು ಮೆಚ್ಚಿ ಮದುವೆಯಾದ. ಕೆಳದಿಯ ನಾಯಕರು ಆಗ ಸಣ್ಣ ಪಾಳೆಯಗಾರರಾಗಿ ಉಳಿದಿರಲಿಲ್ಲ. ವಿಜಯನಗರದ ಆಶ್ರಯದಲ್ಲಿ ಬೆಳೆದ ಮನೆತನ, ಶಿವಪ್ಪ ನಾಯಕನ ಕಾಲಕ್ಕೆ, ಎಂದರೆ ೧೬೪೫ರಿಂದ ೧೬೬೦ರ ಅವಧಿಯಲ್ಲಿ, ಮಲೆನಾಡಿನ ಜೊತೆಗೆ ಕರಾವಳಿಯ ಬಂದರುಗಳನ್ನೂ ಕೈವಶ ಮಾಡಿಕೊಂಡಿತ್ತು. ಅವನ ಭೂಕಂದಾಯದ ಏರ್ಪಾಡು ‘ಶಿಸ್ತು’ ಎಂಬ ಹೆಸರಿನಿಂದ ಇಂದಿಗೂ ಪ್ರಸಿದ್ಧ. ರಾಜಧಾನಿ ಬಿದನೂರು; ಇಂದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರವೆಂದು ಕರೆಯಲ್ಪಡುವ ಊರು.

ಇಂಥ ರಾಜ್ಯಕ್ಕೆ ಒಡೆಯನಾದ ಸೋಮಶೇಖರ ಕೊನೆಯ ದಿನಗಳಲ್ಲಿ ದುಸ್ಸಂಗಕ್ಕೆ ಬಿದ್ದು ಬುದ್ಧಿಯ ಸ್ಥಿಮಿತವನ್ನು ಕಳೆದುಕೊಂಡ. ೧೬೭೧ರಲ್ಲಿ ಅವನ ಕೊಲೆಯಾಯಿತು. ಮಕ್ಕಳಿಲ್ಲದ ಅರಸ ಸತ್ತಾಗ ಏನಾಗಬೇಕೋ ಅದೆಲ್ಲವೂ ಆಯಿತು. ಪ್ರಧಾನರಲ್ಲಿ ಒಂದು ಗುಂಪು ಒಬ್ಬನನ್ನು, ಇನ್ನೊಂದು ಗುಂಪು ಮತ್ತೊಬ್ಬನನ್ನು ಪಟ್ಟಕ್ಕೆ ಕೂರಿಸಲು ಹವಣಿಸಿತು. ಬಿಜಾಪುರದ ಸೇನೆ ಸಮಯ ನೋಡಿ ಮೇಲೆ ಬಂತು. ರಾಣಿ ಬಿದನೂರನ್ನು ಬಿಟ್ಟು ಕಾಡಿನ ನಡುವಣ ಭುವನಗಿರಿಯ ದುರ್ಗವನ್ನು ಸೇರಬೇಕಾಯಿತು. ಅಲ್ಲಿಗೆ ಕೆಳದಿಯ ಕಥೆ ಮುಗಿಯಿತೆಂದೇ ನೋಡುವವರು ಎಣಿಸಿರಬೇಕು. ಆದರೆ ಅವಳು ಅಲ್ಲಿಂದಲೇ ನಿಷ್ಠಾವಂತರನ್ನು ಕೂಡಿಸಿ, ಮುನಿದವರನ್ನು ಒಲಿಸಿ, ಬಿದನೂರಿಗೆ ಮರಳಿದಳು. ತಾನೇ ಗದ್ದುಗೆಯ ಮೇಲೆ ಕುಳಿತು ಆಳಿದಳು. ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು ರಾಜ್ಯಭಾರಕ್ಕೆ ತಕ್ಕವನಾಗುವಂತೆ ಬೆಳೆಸಿದಳು.

ಮುಂದಿನ ಇಪ್ಪತ್ತೈದು ವರ್ಷಗಳ ಕಾಲ ಆ ರಾಜ್ಯ ಅವಳ ಕೈಯಲ್ಲಿತ್ತು ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕಾಲು ಶತಮಾನದ ಆಳ್ವಿಕೆ ಕತ್ತಿಯೊಂದರಿಂದಲೇ ನಡೆಯುವಂಥದಲ್ಲ. ದಕ್ಷಿಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು. ಅವರೊಡನೆ ಕಾದಾಟವೂ ಆಯಿತು, ಒಪ್ಪಂದವೂ ಆಯಿತು. ಪಶ್ಚಿಮದಲ್ಲಿ ಗೋವೆಯ ಪೋರ್ಚುಗೀಸರು. ಕೆನರೆಯ ಅಕ್ಕಿಯೂ ಮೆಣಸೂ ಅವರಿಗೆ ಬೇಕು. ೧೬೭೮ರಲ್ಲಿ ಅವರು ಕೆಳದಿಯೊಡನೆ ಒಪ್ಪಂದ ಮಾಡಿಕೊಂಡರು. ಹಡಗಿನ ಬಲವಿದ್ದವರೊಡನೆ ಅಕ್ಕಿಯ ಬಲದಿಂದ ವ್ಯವಹಾರ ಮಾಡುವ ಜಾಣ್ಮೆ ಕೆಳದಿಗೆ ತಿಳಿದಿತ್ತು.

ಅವಳ ಹೆಸರನ್ನು ಉಳಿಸಿದ ಘಟನೆ ನಡೆದುದು ೧೬೮೯ರಲ್ಲಿ. ಆ ವರ್ಷ ಔರಂಗಜೇಬ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಹಿಡಿಸಿ ಕೊಲ್ಲಿಸಿದ. ಕಿರಿಯ ಮಗ ರಾಜಾರಾಮ ತಲೆ ಮರೆಸಿಕೊಂಡು ದಕ್ಷಿಣದ ಜಿಂಜಿಯ ಕೋಟೆಗೆ ಹೊರಟ. ದಾರಿಯುದ್ದಕ್ಕೂ ಮೊಗಲರ ಕಣ್ಣು. ಬಿಜಾಪುರ ಬಿದ್ದು ಮೂರು ವರ್ಷ, ಗೋಲ್ಕೊಂಡ ಬಿದ್ದು ಎರಡು ವರ್ಷ ಆಗಿತ್ತಷ್ಟೆ. ದೊಡ್ಡ ದೊಡ್ಡ ಸುಲ್ತಾನರೇ ಮಣ್ಣುಮುಕ್ಕಿದ್ದಾಗ ಈ ಪಲಾಯಿತನಿಗೆ ಬಾಗಿಲು ತೆರೆಯುವುದೆಂದರೆ ಮನೆಗೆ ಬೆಂಕಿಯನ್ನು ಕರೆದಂತೆ. ಚೆನ್ನಮ್ಮ ಬಾಗಿಲು ತೆರೆದಳು. ತನ್ನ ಸೀಮೆಯನ್ನು ದಾಟಿಸಿ ಮುಂದಕ್ಕೆ ಕಳುಹಿಸಿದಳು. ಮೊಗಲರ ಸೇನೆ ಕೆಳದಿಯ ಮೇಲೆ ಬಂದೇ ಬಂತು. ಮುಂದೆ ನಡೆದುದನ್ನು ಎರಡು ಪಕ್ಷದವರು ಎರಡು ಬಗೆಯಾಗಿ ಹೇಳಿದ್ದಾರೆ. ಕೆಳದಿಯ ಕಡೆಯವರಿಗೆ ಅದು ಗೆಲುವು. ಮೊಗಲರ ಇತಿಹಾಸಕಾರ ಖಾಫಿ ಖಾನನ ಪ್ರಕಾರ ರಾಣಿ ದಂಡ ತೆತ್ತು ಸಂಧಿ ಮಾಡಿಕೊಂಡಳು. ಯಾವುದನ್ನೇ ನಂಬಿದರೂ ಒಂದು ಮಾತು ಉಳಿಯುತ್ತದೆ: ರಾಜಾರಾಮ ಅವರ ಕೈಗೆ ಸಿಕ್ಕಲಿಲ್ಲ, ಕೆಳದಿಯೂ ಅಳಿಯಲಿಲ್ಲ. ಅದೇ ವರ್ಷದ ಕೊನೆಗೆ ಅವನು ಜಿಂಜಿಯನ್ನು ಸೇರಿದ.

ಸುಮಾರು ೧೬೯೭ರಲ್ಲಿ ಚೆನ್ನಮ್ಮ ತೀರಿಕೊಂಡಾಗ ದತ್ತುಮಗ ಬಸಪ್ಪ ನಾಯಕ ನೇರವಾಗಿ ಅಧಿಕಾರಕ್ಕೆ ಬಂದ. ೧೭೦೯ರಲ್ಲಿ ಅವನು ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಬೃಹದ್‌ಗ್ರಂಥವನ್ನು ರಚಿಸಿದ. ಒಂಬತ್ತು ಕಲ್ಲೋಲಗಳು, ೧೦೮ ತರಂಗಗಳು. ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ಅದರಲ್ಲಿಲ್ಲದ ವಿಷಯ ಕಡಮೆ. ಅವನು ದತ್ತುಮಗನೋ ಹೊಟ್ಟೆಯ ಮಗನೋ ಎಂದು ಕೇಳಿ ಗದ್ದುಗೆಯಿಂದ ಇಳಿಸಬಲ್ಲ ಪ್ರಭು ಹೊರಗೆ ಯಾರೂ ಇರಲಿಲ್ಲ. ಕೇಳಬೇಕಾದವರು ಒಳಗಿನವರು. ಅವರನ್ನು ಚೆನ್ನಮ್ಮ ಇಪ್ಪತ್ತೈದು ವರ್ಷಗಳಲ್ಲಿ ಒಪ್ಪಿಸಿ ಆಗಿತ್ತು.

ಈಗ ಕಿತ್ತೂರಿಗೆ ಬರೋಣ. ಆ ದೇಸಾಯಿಗಳ ಮೂಲಪುರುಷರು ಮಲೆನಾಡಿನ ಸಾಗರದ ಕಡೆಯಿಂದ ಬಂದವರೆಂಬ ಹೇಳಿಕೆಯುಂಟು. ಕೆಳದಿಯೂ ಸಾಗರದ ಪಕ್ಕದ ಊರೇ. ಚೆನ್ನಮ್ಮ ೧೭೭೮ರಲ್ಲಿ ಬೆಳಗಾವಿಗೆ ಸಮೀಪದ ಕಾಕತಿಯಲ್ಲಿ, ದೇಸಾಯಿಗಳ ಮನೆಯಲ್ಲಿ ಹುಟ್ಟಿದಳು. ಕಿತ್ತೂರಿನ ಮಲ್ಲಸರ್ಜನ ಕೈಹಿಡಿದಳು. ಅವನ ಹಿರಿಯ ಹೆಂಡತಿ ರುದ್ರಮ್ಮ. ಮಲ್ಲಸರ್ಜನ ಬಾಳು ಸುಖದ್ದಲ್ಲ. ಒಂದು ಕಡೆ ಟೀಪುವಿನ ಸೆರೆ, ಇನ್ನೊಂದು ಕಡೆ ಪೇಶವೆಯ ಸೆರೆ. ಪುಣೆಯ ಸೆರೆಯಿಂದ ಬಿಡುಗಡೆಯಾದರೂ ೧೮೧೬ರಲ್ಲಿ ಅವನು ತೀರಿಕೊಂಡ. ಚೆನ್ನಮ್ಮನ ಮಗ ಎಳೆತನದಲ್ಲಿಯೇ ಹೋಗಿದ್ದ. ಪಟ್ಟ ಬಂದುದು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನಿಗೆ.

೧೮೧೮ರಲ್ಲಿ ಪೇಶವೆಯ ರಾಜ್ಯ ಮುರಿದುಬಿತ್ತು. ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನ ದೇಸಾಯಿ ಕಂಪನಿಯ ಪಕ್ಷಕ್ಕೆ ನಿಂತ. ಅದಕ್ಕೆ ಪ್ರತಿಯಾಗಿ ಸಂಸ್ಥಾನ ಅವನಲ್ಲಿಯೇ ಉಳಿಯುವಂತೆ ಸನದು ಸಿಕ್ಕಿತು. ಕೊಟ್ಟವರೂ ಸಂತೋಷದಿಂದ ಕೊಟ್ಟರು, ಪಡೆದವರೂ ಸಂತೋಷದಿಂದ ಪಡೆದರು. ಆದರೆ ಸನದು ಪಡೆಯುವುದೆಂದರೆ, ಕೊಡುವವನು ಒಬ್ಬನಿದ್ದಾನೆ, ಕೊಟ್ಟುದನ್ನು ಅವನು ಹಿಂದಕ್ಕೆ ಕೇಳಬಹುದು ಎಂದು ಒಪ್ಪಿಕೊಂಡಂತೆ. ಆ ಒಪ್ಪಿಗೆಯ ಬೆಲೆ ಆರು ವರ್ಷಗಳಲ್ಲಿ ತಿಳಿಯಿತು.

೧೮೨೪ರ ಸೆಪ್ಟೆಂಬರ್ ೧೧ರಂದು ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಸತ್ತ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿರುವೆನೆಂದು ಪತ್ರ ಬರೆಸಿದ್ದ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೆಳದಿಯವಳು ತಾನೇ ದತ್ತು ತೆಗೆದುಕೊಂಡಳು. ಕಿತ್ತೂರಿನವಳು ಮಲಮಗ ತೆಗೆದುಕೊಂಡ ದತ್ತಕವನ್ನು ಉಳಿಸಲು ನಿಂತಳು. ಹುಡುಗ ಅವಳಿಗೆ ರಕ್ತದಿಂದಲೂ ದೂರ, ದತ್ತಕದಿಂದಲೂ ಮೊಮ್ಮಗನ ಲೆಕ್ಕ. ಅವಳು ಹೋರಾಡಿದುದು ತಾಯಿಯ ಮೋಹದಿಂದಲ್ಲ, ಮನೆತನದ ಹಕ್ಕಿಗಾಗಿ.

ಧಾರವಾಡದ ಕಲೆಕ್ಟರ ಥ್ಯಾಕರೆಗೆ ಆ ಪತ್ರದ ಮೇಲೆಯೇ ಶಂಕೆ. ಸಹಿ ಸಾಯುವವನ ಕೈಯದಲ್ಲವೆಂದ. ಕಂಪನಿಯ ಅಪ್ಪಣೆಯಿಲ್ಲದೆ ದತ್ತಕ ಸಲ್ಲದೆಂದ. ಕಿತ್ತೂರಿಗೆ ಬಂದು ಭಂಡಾರಕ್ಕೆ ಕಾವಲು ಹಾಕಿಸಿದ. ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ಬರೆದುಕೊಂಡಳು. ಫಲ ಕಾಣಲಿಲ್ಲ. ಅಕ್ಟೋಬರ್ ೨೩ರಂದು ಕಿತ್ತೂರಿನವರು ಕೋಟೆಯ ಬಾಗಿಲನ್ನು ಮುಚ್ಚಿದರು. ಥ್ಯಾಕರೆ ತೋಪುಗಳಿಂದ ಅದನ್ನು ಒಡೆಯಲು ಹವಣಿಸುವಷ್ಟರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು, ಒಳಗಿನ ಪಡೆ ಹೊರಗೆ ನುಗ್ಗಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಕೈಕೆಳಗಿನ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆ ಸಿಕ್ಕಿದರು. ರಾಣಿ ಅವರ ಕೂದಲು ಕೊಂಕಗೊಡಲಿಲ್ಲ. ಸಂಧಿಯ ಮಾತು ನಡೆದಾಗ ಬಿಡುಗಡೆ ಮಾಡಿದಳು. ಆದರೆ ಕಂಪನಿ ಹಲವು ಕಡೆಗಳಿಂದ ದಂಡನ್ನು ಕೂಡಿಸಿತು. ಡಿಸೆಂಬರ್ ೫ರಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರ ಫೆಬ್ರವರಿಯಲ್ಲಿ ಚೆನ್ನಮ್ಮ ಕಣ್ಣು ಮುಚ್ಚಿದಳು. ಅದೇ ದತ್ತುಮಗನ ಹೆಸರಿನಲ್ಲಿ ಮತ್ತೆ ದಂಡು ಕಟ್ಟಿದ ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ದಿನ ಎಣಿಸಿ ನೋಡಿ. ದೇಸಾಯಿ ಸತ್ತ ದಿನದಿಂದ ಕೋಟೆ ಬಿದ್ದ ದಿನಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ. ಕಿತ್ತೂರಿನ ಚೆನ್ನಮ್ಮನ ಕೈಗೆ ಕಾಲ ಕೊಟ್ಟುದು ಅಷ್ಟೇ ದಿನ. ಕೆಳದಿಯವಳಿಗೆ ಇಪ್ಪತ್ತೈದು ವರ್ಷ.

ಈ ನಡುವಣ ಒಂದೂವರೆ ಶತಮಾನದಲ್ಲಿ ಬದಲಾದುದೇನು? ಹದಿನೇಳನೆಯ ಶತಮಾನ ಧರ್ಮರಾಯನ ಕಾಲವೇನೂ ಆಗಿರಲಿಲ್ಲ. ಬಿಜಾಪುರದವರು ಕೆಳದಿಯ ಮೇಲೆ ಬಂದುದು ವಿಧವೆಯ ಕಣ್ಣೀರು ಒರೆಸುವುದಕ್ಕಲ್ಲ. ಆದರೆ ಅವರು ಬಂದುದು ಸಮಯಸಾಧಕರಾಗಿ. ದತ್ತಕದ ತಪ್ಪು ಒಪ್ಪು ನಿರ್ಣಯಿಸುವ ನ್ಯಾಯಾಧೀಶರಾಗಿ ಅಲ್ಲ. ಅವರನ್ನು ಎದುರಿಸಬಹುದು, ಒಲಿಸಬಹುದು, ಹಣ ಕೊಟ್ಟು ಕಳುಹಿಸಬಹುದು. ಅವರು ಹೋದ ಮೇಲೆ ದತ್ತುಮಗ ದತ್ತುಮಗನಾಗಿಯೇ ಉಳಿಯುತ್ತಾನೆ. ಥ್ಯಾಕರೆ ಬಂದುದು ಬೇರೆಯ ಬಗೆಯಲ್ಲಿ. ಅವನ ಕೈಯಲ್ಲಿ ಕತ್ತಿಗಿಂತ ಮೊದಲು ಕಾಗದವಿತ್ತು. ಸಹಿ ಯಾರದು? ಯಾವ ತಾರೀಖು? ಯಾರನ್ನು ಕೇಳಿ ಮಾಡಿದಿರಿ? ಮನೆಯ ದೇವರ ಮುಂದೆ, ಬಂಧುಗಳ ಮುಂದೆ ನಡೆಯುವ ಸಂಸ್ಕಾರವೊಂದು ಕಲೆಕ್ಟರನ ಕಚೇರಿಯಲ್ಲಿ ಅರ್ಜಿಯಾಗಿ ಹೋಯಿತು. ಪ್ರಶ್ನೆ ಕೇಳುವವನೇ ಭಂಡಾರಕ್ಕೆ ಬೀಗ ಹಾಕುವವನೂ ಆಗಿದ್ದಾಗ ಉತ್ತರ ಏನಾದೀತು?

ಮುಂದೆ ಇದೇ ಒಂದು ಶಾಸ್ತ್ರವಾಗಿ ಬೆಳೆಯಿತು. ದತ್ತಕದಿಂದ ಪಿಂಡ ಹಾಕುವ ಹಕ್ಕು ಬರಬಹುದು, ಮನೆಯ ಸೊತ್ತೂ ಬರಬಹುದು. ರಾಜ್ಯ ಬರಬೇಕಾದರೆ ಮಾತ್ರ ನಮ್ಮ ಅಪ್ಪಣೆ ಬೇಕು ಎಂಬುದು ಅದರ ಸಾರ. ಡಾಲ್‌ಹೌಸಿ ಅದೇ ನೆವದಿಂದ ೧೮೪೮ರಲ್ಲಿ ಸಾತಾರೆಯನ್ನೂ ೧೮೫೪ರಲ್ಲಿ ಝಾನ್ಸಿಯನ್ನೂ ನುಂಗಿದ. ೧೮೫೭ರ ದಂಗೆಯ ಬಿಸಿ ತಾಗಿದ ಮೇಲೆಯೇ ಇಂಗ್ಲಿಷರು ದತ್ತಕದ ವಿಷಯದಲ್ಲಿ ಮೆತ್ತಗಾದುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ತೆಗೆದುಕೊಂಡ ದತ್ತಕವನ್ನು ಅವರು ೧೮೬೭ರಲ್ಲಿ ಮಾನ್ಯ ಮಾಡಿದರು. ೧೮೮೧ರಲ್ಲಿ ಆ ದತ್ತುಮಗ ಚಾಮರಾಜ ಒಡೆಯರಿಗೆ ರಾಜ್ಯ ಮರಳಿತು. ಕಿತ್ತೂರಿನ ಚೆನ್ನಮ್ಮ ಕೇಳಿದುದಕ್ಕೂ ಮೈಸೂರಿಗೆ ದೊರೆತುದಕ್ಕೂ ತಾತ್ಪರ್ಯದಲ್ಲಿ ಭೇದವಿಲ್ಲ. ಅವಳು ನಾಲ್ವತ್ತು ವರ್ಷ ಮೊದಲು ಕೇಳಿದಳು, ಅಷ್ಟೆ.

ಹೆಸರಿನ ಮಾತೆತ್ತಿದ ಮೇಲೆ ಎದುರು ಪಕ್ಷದ ಹೆಸರುಗಳನ್ನೂ ನೋಡಬೇಕು. ಅಲ್ಲಿಯೂ ಇದೇ ಸೋಜಿಗ. ಥ್ಯಾಕರೆ ಎಂದೊಡನೆ ಇಂಗ್ಲಿಷ್ ಓದಿದವರಿಗೆ ನೆನಪಾಗುವವನು ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ. ಕಲ್ಕತ್ತೆಯಲ್ಲಿ ೧೮೧೧ರಲ್ಲಿ ಹುಟ್ಟಿದ ಆ ಹುಡುಗನಿಗೆ ಕಿತ್ತೂರಿನಲ್ಲಿ ಸತ್ತ ಕಲೆಕ್ಟರ ಚಿಕ್ಕಪ್ಪನಾಗಬೇಕು. ಮನ್ರೋ ಎಂದೊಡನೆ ನೆನಪಾಗುವವನು ರಯತವಾರಿ ಪದ್ಧತಿಯ ಮದರಾಸಿನ ಗವರ್ನರ್. ೧೮೨೪ರ ಡಿಸೆಂಬರಿನ ಕಾಳಗದಲ್ಲಿ ಕಂಪನಿಯ ಕಡೆ ಸತ್ತ ಸೊಲ್ಲಾಪುರದ ಸಬ್‌ಕಲೆಕ್ಟರ ಮನ್ರೋ ಅವನ ಬಂಧು, ಸಹೋದರ ಸಂಬಂಧದ ಮಗ. ಹಿರಿಯ ಮನ್ರೋ ಕಿತ್ತೂರಿಗೆ ಸನದು ಕೊಟ್ಟ. ಕಿರಿಯ ಮನ್ರೋ ಆ ಸನದಿನ ಜಗಳದಲ್ಲಿ ಪ್ರಾಣ ಕೊಟ್ಟ.

ಇನ್ನು ಎಲಿಯಟ್. ಭಾರತದ ಇತಿಹಾಸ ಓದುವವರಿಗೆ ಈ ಹೆಸರು ಕೇಳಿದಾಗ ಪಾರಸಿ ಇತಿಹಾಸಗಳನ್ನು ಎಂಟು ಸಂಪುಟಗಳಲ್ಲಿ ಇಂಗ್ಲಿಷಿಗೆ ತರಲು ತಳಹದಿ ಹಾಕಿದ ಹೆನ್ರಿ ಎಲಿಯಟ್ ಕಣ್ಣಮುಂದೆ ಬರುತ್ತಾನೆ. ಕಿತ್ತೂರಿನ ಸೆರೆಯಲ್ಲಿದ್ದವನು ಆತನಲ್ಲ, ವಾಲ್ಟರ್ ಎಲಿಯಟ್. ಆಗ ಅವನಿಗೆ ೨೧ ವರ್ಷ. ರಾಣಿ ಪ್ರಾಣ ಉಳಿಸಿದ ಈ ತರುಣ ಮುಂದೆ ಧಾರವಾಡದ ಸೀಮೆಯಲ್ಲೆಲ್ಲ ಸುತ್ತಿ ಶಾಸನಗಳ ಪ್ರತಿ ಮಾಡಿಸಿದ. ಅವನು ಕೂಡಿಸಿದ ಶಾಸನಗಳು ೫೯೫. ಅವುಗಳ ಆಧಾರದಿಂದ ಚಾಲುಕ್ಯರ ವಂಶಾವಳಿಯನ್ನು ಹೊಂದಿಸಿ ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಮುಂದೆ ಫ್ಲೀಟ್ ಮೊದಲಾದವರು ಕಟ್ಟಿದ ಕರ್ನಾಟಕದ ಇತಿಹಾಸಕ್ಕೆ ಅದೇ ಅಡಿಗಲ್ಲಾಯಿತು. ಒಂದನೆಯ ಪುಲಕೇಶಿ ಯಾರು, ಎರಡನೆಯ ಪುಲಕೇಶಿ ಯಾರು, ಯಾವ ವಿಕ್ರಮಾದಿತ್ಯ ಎಷ್ಟನೆಯವನು ಎಂದು ಇಂದು ನಾವು ತೊಡಕಿಲ್ಲದೆ ಹೇಳುವುದರ ಹಿಂದೆ ಅಂಥ ದುಡಿಮೆಯಿದೆ. ಒಂದೇ ಹೆಸರಿನ ಅರಸರನ್ನು ಬೇರೆ ಬೇರೆ ಮಾಡಿ ನಿಲ್ಲಿಸಿದ ಕೆಲಸದಲ್ಲಿ ಕಿತ್ತೂರಿನ ಚೆನ್ನಮ್ಮನ ದಯೆಗೂ ಒಂದು ಪಾಲು ಸಲ್ಲಬೇಕು.

ಅರಸರನ್ನು ಸಂಖ್ಯೆಯಿಂದ ಗುರುತಿಸುವುದು ಪಂಡಿತರ ಪದ್ಧತಿ. ನಮ್ಮ ಜನರ ಪದ್ಧತಿ ಬೇರೆ. ಅವರು ಊರಿನಿಂದ ಗುರುತಿಸುತ್ತಾರೆ. ಕೆಳದಿಯ ಚೆನ್ನಮ್ಮ, ಕಿತ್ತೂರ ಚೆನ್ನಮ್ಮ. ಈ ಪದ್ಧತಿಯಲ್ಲಿ ಒಂದನೆಯವಳು, ಎರಡನೆಯವಳು ಎಂಬ ಮೇಲುಕೀಳಿಲ್ಲ. ಒಬ್ಬೊಬ್ಬಳಿಗೂ ಅವಳವಳ ಮಣ್ಣಿನ ಗುರುತು. ಆದರೆ ಹೊಸ ಕಾಲದಲ್ಲಿ ಊರು ಉದುರಿಹೋಗಿ ‘ರಾಣಿ ಚೆನ್ನಮ್ಮ’ ಮಾತ್ರ ಉಳಿಯಿತು. ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆ ಹೆಸರು, ರೈಲುಗಾಡಿಗೆ ಆ ಹೆಸರು. ೧೯೬೧ರಲ್ಲಿ ಬಿ. ಆರ್. ಪಂತುಲು ತೆಗೆದ ಚಿತ್ರದಲ್ಲಿ ಬಿ. ಸರೋಜಾದೇವಿ ಕಿತ್ತೂರಿನ ರಾಣಿಯಾಗಿ ಮನೆಮನೆಗೂ ಬಂದರು. ೨೦೦೭ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಅವಳ ಪ್ರತಿಮೆ ನಿಂತಿತು. ಇದೆಲ್ಲವೂ ಅವಳಿಗೆ ಸಲ್ಲಬೇಕಾದುದೇ. ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಪೀಳಿಗೆಗೆ, ತಮ್ಮ ಎದುರಿಗಿದ್ದ ಶತ್ರುವನ್ನೇ ನೂರು ವರ್ಷ ಹಿಂದೆ ಎದುರಿಸಿದ್ದ ರಾಣಿ ಹತ್ತಿರದವಳೆನಿಸಿದುದರಲ್ಲಿ ಆಶ್ಚರ್ಯವೇನು?

ಆದರೂ ಕೆಳದಿಯವಳ ಪಾಲಿಗೆ ಉಳಿದುದು ಸ್ವಲ್ಪ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೆಂಬ ಚಂಪುವಿನಲ್ಲಿ ಅವಳ ಕಥೆಯುಂಟು, ಅದನ್ನು ತೆರೆಯುವವರು ವಿರಳ. ಧೈರ್ಯ ತೋರಿದ ಹೆಣ್ಣುಮಕ್ಕಳಿಗೆ ಕರ್ನಾಟಕ ಸರಕಾರ ಕೊಡುವ ಪ್ರಶಸ್ತಿಗೆ ಕೆಳದಿ ಚೆನ್ನಮ್ಮನ ಹೆಸರಿಟ್ಟಿರುವುದು ಸಮಾಧಾನದ ಸಂಗತಿ. ಸೋತು ಸತ್ತವರನ್ನು ನಾವು ಹಾಡಿನಲ್ಲಿ ಇಟ್ಟುಕೊಳ್ಳುತ್ತೇವೆ. ಗೆದ್ದು, ಆಳಿ, ಮನೆಯನ್ನು ನೆಟ್ಟಗೆ ನಿಲ್ಲಿಸಿ ಹೋದವರನ್ನು ಲೆಕ್ಕದ ಪುಸ್ತಕದಲ್ಲಿ ಬಿಟ್ಟುಬಿಡುತ್ತೇವೆ. ಹೋರಾಡಿ ಮಡಿಯುವುದಕ್ಕೆ ಎದೆ ಬೇಕು, ನಿಜ. ಇಪ್ಪತ್ತೈದು ವರ್ಷ ಬೆಳಗಾದರೆ ಎದ್ದು ರಾಜ್ಯವನ್ನು ನಡೆಸುವುದಕ್ಕೂ ಎದೆ ಬೇಕು.

ಇಬ್ಬರನ್ನು ಬೇರೆ ಮಾಡಿ ನೋಡುವುದರಿಂದ ಯಾರ ಕೀರ್ತಿಯೂ ಕುಂದುವುದಿಲ್ಲ. ಕಿತ್ತೂರಿನವಳ ಕಾಲ ಎಷ್ಟು ಇಕ್ಕಟ್ಟಾಗಿತ್ತೆಂಬುದು ಕೆಳದಿಯವಳನ್ನು ಪಕ್ಕಕ್ಕೆ ನಿಲ್ಲಿಸಿದಾಗಲೇ ತಿಳಿಯುವುದು. ಅದೇ ಹಕ್ಕು, ಅದೇ ಛಲ, ಅದೇ ಹೆಸರು. ಒಬ್ಬಳ ಕಾಲದಲ್ಲಿ ತನ್ನ ಮನೆಗೆ ಮಗನಾರೆಂಬುದನ್ನು ಮನೆಯವರು ತೀರ್ಮಾನಿಸುತ್ತಿದ್ದರು. ಇನ್ನೊಬ್ಬಳ ಕಾಲದಲ್ಲಿ ಅದನ್ನು ಧಾರವಾಡದ ಕಚೇರಿ ತೀರ್ಮಾನಿಸಿತು. ನಾಡು ಪರರ ಕೈಗೆ ಹೋಯಿತೆಂಬ ಮಾತಿನ ಅರ್ಥ ಇಷ್ಟೇ. ಆದುದರಿಂದ ಇನ್ನು ಮುಂದೆ ಚೆನ್ನಮ್ಮನ ಹೆಸರೆತ್ತುವಾಗ ಊರಿನ ಹೆಸರನ್ನೂ ಸೇರಿಸಿಯೇ ಹೇಳೋಣ. ಎರಡಕ್ಷರದ ಆಯಾಸ ಹೆಚ್ಚಾದೀತು. ಒಬ್ಬ ರಾಣಿ ಕಳೆದುಹೋಗುವುದು ತಪ್ಪೀತು.